ಟಕಟಕ ಮೇಷ್ಟ್ರ ಕಾರು ಸದ್ದು ನಿಲ್ಲಿಸಿದ್ದು

ನಮ್ಮ ಬೀದಿಯ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರನ್ನು ಎಲ್ಲರೂ ಟಕಟಕ ಮೇಷ್ಟ್ರು ಅಂತಲೇ ಕರೆಯುವುದು. ನಾನು ಅವರ ಮೆಕ್ಯಾನಿಕ್. ಹದಿನೆಂಟು ವರ್ಷದಿಂದ ಅವರ ಕಾರಿನ ಅಡಿಯಲ್ಲಿ ಮಲಗಿ ಎದ್ದಿದ್ದೇನೆ, ಹಾಗಾಗಿ ಅವರ ಬಗ್ಗೆ ನಾಲ್ಕು ಮಾತಾಡುವ ಹಕ್ಕು ನನಗಿದೆ.

ಕಲಿಯುವವರಿಗೆ ಎಲ್ಲರೂ ಪುಟ್ಟ ಕಾರು ಕೊಡುತ್ತಾರೆ. ಮೇಷ್ಟ್ರದು ಆರು ಸಿಲಿಂಡರಿನ, ಅಡುಗೆಮನೆಯಷ್ಟು ಉದ್ದದ ಹಳೇ ಗಾಡಿ. ಅದರ ಎಂಜಿನ್ನಿನ ಎರಡು ಪಕ್ಕಕ್ಕೂ ಒಂದೊಂದು ಮ್ಯಾನಿಫೋಲ್ಡ್, ಅಂದರೆ ಬಿಸಿ ಹೊಗೆಯನ್ನು ಒಟ್ಟುಮಾಡಿ ಸೈಲೆನ್ಸರಿಗೆ ಸಾಗಿಸುವ ಎರಕದ ಕೊಳವೆ. ಎರಡೂ ಬಿರುಕು ಬಿಟ್ಟು ಎಷ್ಟು ವರ್ಷವಾಗಿತ್ತೋ! ಎಡಗಡೆಯದು ಟಕ್ ಅಂದರೆ ಬಲಗಡೆಯದು ಟುಕ್ ಅನ್ನುತ್ತಿತ್ತು. ಬೇರೆಯವರಾಗಿದ್ದರೆ ರಿಪೇರಿ ಮಾಡಿಸುತ್ತಿದ್ದರು. ಮೇಷ್ಟ್ರು ಅದನ್ನೇ ಪಾಠ ಮಾಡಿಕೊಂಡರು.

"ಟಕ್ ಬೇರೆ, ಟುಕ್ ಬೇರೆ ಕೇಳಿಸೋ ತನಕ ಒಂದನೇ ಗೇರು. ಎರಡೂ ಸೇರಿ ಟಕಟಕ ಅಂದ್ರೆ ಎರಡಕ್ಕೆ ಹಾಕು. ಟರ್ರ್ ಅಂದ್ರೆ ಮೂರು. ಏನೂ ಕೇಳಿಸ್ಲಿಲ್ಲ ಅಂದ್ರೆ ಎಂಜಿನ್ ನಿಂತಿದೆ, ಕೀ ತಿರುಗಿಸು!"

ಅರ್ಧ ಊರು ಕಾರು ಓಡಿಸಲು ಕಲಿತದ್ದು ಹೀಗೆ.

ಕಲಿಯದೆ ಉಳಿದವರು ಮೇಷ್ಟ್ರ ಸ್ವಂತ ಅಕ್ಕ. ಅಮ್ಮನಿಲ್ಲದ ಮನೆಯಲ್ಲಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಹೆಂಗಸು. ಈಗ ಐವತ್ತೊಂದನೆಯ ವಯಸ್ಸಿನಲ್ಲಿ ಶಿಶುವಿಹಾರದ ವ್ಯಾನ್ ಓಡಿಸುವ ಕೆಲಸ ಅವರನ್ನು ಹುಡುಕಿಕೊಂಡು ಬಂದಿತ್ತು. ಸೋಮವಾರವೇ ಸೇರಬೇಕು, ಕೈಯಲ್ಲಿ ಲೈಸೆನ್ಸ್ ಇರಬೇಕು. ನಾಲ್ಕು ಸಲ ಟೆಸ್ಟಿನಲ್ಲಿ ಫೇಲಾಗಿದ್ದರು. ಐದನೆಯದು ಶನಿವಾರ. ಮೇಷ್ಟ್ರಿಗೆ ಊಟ ಸೇರುತ್ತಿರಲಿಲ್ಲ.

ಅದರ ಮೇಲೆ ಬುಧವಾರ ಹೊಗೆ ತಪಾಸಣೆಯಲ್ಲಿ ಕಾರೇ ಫೇಲಾಯಿತು. ಆ ಸರ್ಟಿಫಿಕೇಟ್ ಇಲ್ಲದ ಗಾಡಿಯನ್ನು ಟೆಸ್ಟ್ ಮೈದಾನದೊಳಕ್ಕೆ ಬಿಡುವುದೇ ಇಲ್ಲ. ಮೇಷ್ಟ್ರು ನನ್ನ ಗ್ಯಾರೇಜಿಗೆ ಓಡಿ ಬಂದರು.

"ಹೊಗೆ ಕಡಿಮೆ ಮಾಡಯ್ಯಾ. ಆದ್ರೆ ಸದ್ದಿನ ತಂಟೆಗೆ ಹೋಗ್ಬೇಡ."

ನನಗೆ ಪಿತ್ತ ನೆತ್ತಿಗೇರಿತು. "ಮೇಷ್ಟ್ರೇ, ಆ ಸದ್ದೇ ರೋಗ! ಬಿರುಕಿನಿಂದ ಗಾಳಿ ನುಗ್ಗಿ, ಹೊಗೆ ಅಳೆಯೋ ಸೆನ್ಸರಿಗೆ ಸುಳ್ಳು ಹೇಳ್ತಿದೆ. ಅದು ನಂಬಿಕೊಂಡು ಎಂಜಿನ್ನಿಗೆ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಕುಡಿಸ್ತಿದೆ."

ಎರಡು ದಿನ ಆ ಗಾಡಿ ನನ್ನ ಬೆವರಿಳಿಸಿತು. ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಬಿಟ್ಟೆ, ಬೆಂಕಿ ತೋರಿಸಿದೆ, ಪುಸಲಾಯಿಸಿದೆ, ಬೈದೆ. ಹನ್ನೆರಡರಲ್ಲಿ ಮೂರು ಮುರಿದೇ ಹೋದವು. ಡ್ರಿಲ್ ಹಾಕಿ ಕೊರೆದು ತೆಗೆದೆ. ಹೊಗೆಯಲ್ಲಿ ಒಂದಿಷ್ಟನ್ನು ಎಂಜಿನ್ನಿಗೇ ಹಿಂದಿರುಗಿಸುವ ಪೈಪೊಂದಿದೆ, ವಿಷ ಕಡಿಮೆಯಾಗಲಿ ಅಂತ. ಅದನ್ನು ಬಿಚ್ಚಿದರೆ ಒಳಗಿಂದ ಮಕ್ಕಳಾಡುವ ಗಾಜಿನ ಗೋಲಿ ಉರುಳಿ ಬಿತ್ತು.

"ಇದೇನು ಮೇಷ್ಟ್ರೇ?"

"ನಾನೇ ಇಟ್ಟಿದ್ದು. ಬಿಟ್ಟ ಉಸಿರನ್ನೇ ಮತ್ತೆ ಎಳ್ಕೊಳ್ಳೋದು ಯಾರ ಆರೋಗ್ಯಕ್ಕೆ ಒಳ್ಳೇದಯ್ಯಾ? ಪಾಪ ಅನ್ನಿಸ್ತು, ಮುಚ್ಚಿದೆ."

ಇಂಥವರಿಗೆ ಏನು ಹೇಳುವುದು! ಗೋಲಿಯನ್ನು ಅವರ ಕೈಗಿಟ್ಟು, ಸಂದಿಯಲ್ಲಿ ಹೊಗೆ ಸೋರದಂತೆ ಹೊಸ ಗ್ಯಾಸ್ಕೆಟ್ ಕೂರಿಸಿ, ಹೊಸ ಮ್ಯಾನಿಫೋಲ್ಡುಗಳನ್ನು ನಡುವಿನಿಂದ ಆಚೀಚೆಗೆ ಸಮನಾಗಿ ಬಿಗಿದೆ. ಶುಕ್ರವಾರ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಗಾಡಿ ಮಲಗಿದ ಮಗುವಿನ ಹಾಗೆ ಉಸಿರಾಡಿತು. ಹೊಗೆ ತಪಾಸಣೆಯಲ್ಲೂ ಪಾಸಾಯಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಇಡೀ ಡ್ರೈವಿಂಗ್ ಸ್ಕೂಲು ಕೆಟ್ಟು ಕೂತಿತ್ತು. ಸದ್ದಿಲ್ಲದ ಕಾರಿನಲ್ಲಿ ಶಿಷ್ಯರೆಲ್ಲ ಕಂಗಾಲು. ಎಂಜಿನ್ ನಿಂತಿದೆ ಅಂತ ತಿಳಿದು, ಓಡುತ್ತಿರುವ ಗಾಡಿಯ ಕೀ ತಿರುಗಿಸುವುದು, ಅದು ಕರ್ರ್ ಅಂತ ಹಲ್ಲು ಕಡಿಯುವುದು. ಹೀಗೇ ಒಬ್ಬರಾದ ಮೇಲೊಬ್ಬರು.

"ನನ್ನ ಅಕ್ಕನ ಬಾಳು ಹಾಳು ಮಾಡಿದೆಯಲ್ಲಯ್ಯಾ! ಹಳೇ ಮ್ಯಾನಿಫೋಲ್ಡ್ ಹಾಕು," ಎಂದರು ಮೇಷ್ಟ್ರು. ಹಾಕಿದರೆ ಹೊಗೆ, ಹಾಕದಿದ್ದರೆ ಮೌನ. ನಾನು ಹಾಕಲಿಲ್ಲ. ಆದರೆ ರಾತ್ರಿಯ ಊಟ ನನಗೂ ಸೇರಲಿಲ್ಲ.

ಶನಿವಾರ ಅಕ್ಕ ಸ್ಟಿಯರಿಂಗ್ ಹಿಡಿದು ಕೂತರು, ಪಕ್ಕದಲ್ಲಿ ಟೆಸ್ಟ್ ಸಾಹೇಬರು, ಹಿಂದಿನ ಸೀಟಿನಲ್ಲಿ ಮೇಷ್ಟ್ರು ಮತ್ತು ನಾನು.

"ಇವರ್ಯಾರು?" ಎಂದರು ಸಾಹೇಬರು, ನನ್ನತ್ತ ತಿರುಗಿ.

"ಮೆಕ್ಯಾನಿಕ್ ಸಾರ್. ಗಾಡಿಗೆ ನಿನ್ನೆಯಷ್ಟೇ ಆಪರೇಷನ್ ಆಗಿದೆ. ಜೊತೆಗಿರ್ಲಿ ಅಂತ," ಎಂದರು ಮೇಷ್ಟ್ರು.

ಕಾರು ಹೊರಟಿತು. ಹತ್ತು ಮಾರು ಹೋಗಿರಲಿಲ್ಲ, ನನ್ನ ಪಕ್ಕದಿಂದ ಟಕ್, ಟುಕ್, ಟಕ್, ಟುಕ್ ಅಂತ ಸದ್ದು. ನೋಡಿದರೆ ಮೇಷ್ಟ್ರು ಮುಖ ಕಿಟಕಿಗೆ ತಿರುಗಿಸಿಕೊಂಡು ನಾಲಿಗೆಯಲ್ಲಿ ಮ್ಯಾನಿಫೋಲ್ಡ್ ಆಡಿಸುತ್ತಿದ್ದಾರೆ!

"ಮೇಷ್ಟ್ರೇ, ಹಿಂದಿಂದ ಇನ್ನೊಂದು ಸದ್ದು ಬಂದ್ರೆ ಟೆಸ್ಟ್ ಇಲ್ಲಿಗೇ ಮುಗೀತು," ಎಂದರು ಸಾಹೇಬರು.

ಮೇಷ್ಟ್ರು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಎದುರಿಗೆ ಏರು. ನಾನು ಕಣ್ಣು ಮುಚ್ಚಿದೆ.

"ಅರ್ಧದಲ್ಲಿ ನಿಲ್ಲಿಸಿ," ಎಂದರು ಸಾಹೇಬರು. ಕಾರು ನಿಂತಿತು. "ಹೊರಡಿ." ಹೊರಟಿತು. "ಎಡಕ್ಕೆ. ಹಿಂದಕ್ಕೆ ತಗೊಳ್ಳಿ. ಕಂಬದ ಹತ್ತಿರ ನಿಲ್ಲಿಸಿ." ಅಕ್ಕ ಒಂದೂ ತಪ್ಪಲಿಲ್ಲ. ಕೀ ಮುಟ್ಟಲೂ ಇಲ್ಲ. ಸಾಹೇಬರು ಕಾಗದಕ್ಕೆ ಪಾಸೆಂದು ಸಹಿ ಹಾಕಿ ಕೊಟ್ಟು ಇಳಿದು ಹೋದರು.

ಮೇಷ್ಟ್ರು ಬಾಯಿಂದ ಕೈ ತೆಗೆದರು. "ಅಕ್ಕಾ, ಸದ್ದೇ ಇಲ್ದೆ ಹೇಗೆ ಓಡ್ಸಿದೆ?"

"ಸದ್ದಿಲ್ದೇ ಇದ್ದಿದ್ದಕ್ಕೇ ಕಣೋ. ಆ ಟಕಟಕದಲ್ಲಿ ಸಾಹೇಬ್ರು ಏನು ಹೇಳ್ತಿದಾರೆ ಅಂತ ನಾಲ್ಕು ಸಲವೂ ಒಂದಕ್ಷರ ಕೇಳಿಸ್ಲಿಲ್ಲ."

"ಮತ್ತೆ ಮೊದಲೇ ಹೇಳೋದಲ್ವಾ?"

"ಹೇಗೋ ಹೇಳ್ಲಿ? ಆ ಪಾಠ ಮಾಡುವಾಗ ನಿನ್ನ ಮುಖ ನೋಡ್ಬೇಕಿತ್ತು. ಅಷ್ಟು ಸಂತೋಷ! ಇನ್ನೊಂದು ಸಲ ಫೇಲಾದ್ರೂ ಪರವಾಗಿಲ್ಲ ಅನ್ನಿಸ್ತಿತ್ತು."

ಮೇಷ್ಟ್ರ ಮುಖ ಇಂಗು ತಿಂದ ಮಂಗನಂತಾಯಿತು. ನಾನು ನಗಬಾರದೆಂದು ಕೆನ್ನೆ ಕಚ್ಚಿಕೊಂಡೆ.

ಮೇಷ್ಟ್ರು ಇಳಿದು ಮುಂದಿನ ಸೀಟಿಗೆ ಹೋದರು. ಅದು ಅವರ ಮಾಮೂಲಿ ಜಾಗ, ಕಲಿಸುವವರಿಗೆಂದೇ ಅಲ್ಲಿ ಬೇರೆ ಕ್ಲಚ್ಚು, ಬ್ರೇಕು ಇವೆ. ಯಾರೇ ಓಡಿಸಲಿ, ಅವುಗಳ ಮೇಲಿಂದ ಅವರ ಕಾಲು ಅಲುಗಿದ್ದನ್ನು ನಾನು ನೋಡಿಲ್ಲ. ಅವತ್ತು ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ಸೀಟಿನ ಮೇಲೆ ಎತ್ತಿಕೊಂಡು ಚಕ್ಕಳಮಕ್ಕಳ ಹಾಕಿ ಕೂತರು.

"ನಡಿ ಅಕ್ಕ, ಮನೆಗೆ," ಎಂದರು.