ಕ್ಯಾಬಿನೆಟ್ಟಿನ ನೆತ್ತಿಯ ಮೇಲಿನ ಮಣೆ

ಆ ಮಣೆ ಎಲ್ಲಿತ್ತು ಎಂದು ನಾನು ಖಚಿತವಾಗಿ ಹೇಳಲಾರೆ. ಕ್ಯಾಬಿನೆಟ್ಟಿನ ನೆತ್ತಿಯ ಮೇಲಿತ್ತು ಎಂದು ನನ್ನ ನೆನಪು. ಪಕ್ಕದ ಕಪಾಟಿನ ಮೇಲಿತ್ತು ಎಂದು ಉಳಿದವರೆಲ್ಲರ ನೆನಪು. ಇಷ್ಟು ಜನ ಒಂದೇ ಮಾತು ಹೇಳುವಾಗ ಓದಿದವನು ಮೊದಲು ತನ್ನನ್ನೇ ಅನುಮಾನಿಸಬೇಕು ಎಂದು ಕಲಿಸಿದ್ದೂ ನಾನು ಕೆಲಸ ಮಾಡುವ ವಿಶ್ವವಿದ್ಯಾಲಯವೇ. ಹಾಗಾಗಿ ಬಹಳ ಕಾಲ ನನ್ನನ್ನೇ ಅನುಮಾನಿಸಿಕೊಂಡಿದ್ದೆ.

ನಮ್ಮ ಸಂಶೋಧನಾ ಕೇಂದ್ರ ಇರುವುದು ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗುವ ಹಾದಿಯಲ್ಲಿ. ನಾನು ಅಲ್ಲಿ ಮೇಷ್ಟ್ರು. ನಾಗಮಂಗಲದ ಬಡಗಿಯೊಬ್ಬರ ಮಗಳು ನನ್ನ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಕೆ.ಆರ್.ಪೇಟೆ ಕಡೆಯ ಹಳ್ಳಿಗಳಲ್ಲಿ ಹಸುಗಳು ದಿನ ತುಂಬುವ ಮೊದಲೇ ಕಂದು ಹಾಕುವುದೇಕೆ ಎಂಬುದು ಅವಳ ವಿಷಯ. ಅದಕ್ಕೆ ಕಾರಣವಾಗುವ ಬ್ರುಸೆಲ್ಲಾ ಎಂಬ ರೋಗಾಣು ಮನುಷ್ಯರಿಗೂ ತಗಲುತ್ತದೆ. ಉಸಿರಿನ ಜೊತೆ ಒಳಗೆ ಹೋದರೆ ಸಾಕು, ಬಂದು ಹೋಗಿ ಮತ್ತೆ ಬರುವ ಜ್ವರ, ಬಿಡದ ಕೀಲುನೋವು.

ಅದಕ್ಕೇ ಅಂಥ ಹಸುಗಳ ಹಾಲು, ಕರುವಿನ ಜೊತೆ ಬೀಳುವ ಮಾಸಿನ ಚೂರುಗಳನ್ನು ತೆರೆಯುವುದು ಸುರಕ್ಷತಾ ಕ್ಯಾಬಿನೆಟ್ಟಿನೊಳಗೆ. ಅದೊಂದು ಆಳೆತ್ತರದ ಉಕ್ಕಿನ ಪೆಟ್ಟಿಗೆ. ಮುಂದೆ ಗಾಜು, ಅದರ ಕೆಳಗೆ ಕೈ ತೂರಿಸುವಷ್ಟು ಸಂದು. ಆ ಸಂದಿನಿಂದ ಒಳಕ್ಕೆ ಸೆಳೆದ ಗಾಳಿ ಸೋಸಿಕೊಂಡು ನೆತ್ತಿಯ ಜಾಲರಿಯಿಂದ ಹೊರಗೆ ಹೋಗಬೇಕು. ಜಾಲರಿ ಮುಚ್ಚಿದರೆ ಸೆಳೆತ ಕುಗ್ಗುತ್ತದೆ, ಒಳಗಿನದು ಎದುರು ಕೂತವರ ಮುಖಕ್ಕೆ ಬರುತ್ತದೆ.

ಇದನ್ನೆಲ್ಲ ತರಬೇತಿಯಲ್ಲಿ ಹೇಳಿಕೊಡಬೇಕಿತ್ತು. ತರಬೇತಿ ನಡೆದದ್ದು ಪ್ರಯೋಗಾಲಯದಲ್ಲಲ್ಲ, ಎಸಿ ಇರುವ ಸಭಾಂಗಣದಲ್ಲಿ. ಕ್ಯಾಬಿನೆಟ್ಟಿನ ಮೇಲೆ ಏನನ್ನೂ ಇಡಬಾರದು ಎಂಬ ಚಿತ್ರ ಪರದೆಯ ಮೇಲೆ ಬಂತೋ, ಅಷ್ಟರಲ್ಲಿ ಬಿಸಿಬೇಳೆಬಾತ್ ಬಂತೋ, ಈಗ ನೆನಪಿಲ್ಲ. ಕೊನೆಗೆ ಎಲ್ಲರಿಗೂ ಪ್ರಮಾಣಪತ್ರ ಸಿಕ್ಕಿತು. ತಣ್ಣಗೆ ಕೂತಿರೋಣವೆಂದು ಒಳಬಂದಿದ್ದ ಅಧ್ಯಕ್ಷರ ಡ್ರೈವರಿಗೂ ಒಂದು ಸಿಕ್ಕಿತು.

ಅಧ್ಯಕ್ಷರು ಎಂದರೆ ಜೈವಿಕ ಸುರಕ್ಷತಾ ಸಮಿತಿಯ ಅಧ್ಯಕ್ಷರು. ಅವರ ಒಪ್ಪಿಗೆಯಿಲ್ಲದೆ ನನ್ನ ವಿದ್ಯಾರ್ಥಿನಿ ಒಂದು ಸೀಸೆಯನ್ನೂ ತೆರೆಯುವಂತಿರಲಿಲ್ಲ. ಅವರು ಪರಿಶೀಲನೆಗೆ ಬಂದದ್ದು ಆಯುಧಪೂಜೆ ಕಳೆದ ಮೇಲೆ. ನಮ್ಮಲ್ಲಿ ಬಸ್ಸು, ಟ್ರಾಕ್ಟರು, ಮಚ್ಚು, ಎಲ್ಲಕ್ಕೂ ಆ ದಿನ ಪೂಜೆಯಾಗುತ್ತದೆ. ಸೂಕ್ಷ್ಮದರ್ಶಕಕ್ಕೂ ಆಯಿತು. ಕ್ಯಾಬಿನೆಟ್ಟಿಗೆ ವಿಭೂತಿ ಬಳಿದು ಬಾಳೆಕಂದು ಕಟ್ಟಿದರು. ಅದರ ನೆತ್ತಿಯ ಮೇಲೆ (ನನ್ನ ನೆನಪಿನಂತೆ) ಮಣೆ ಹಾಕಿ, ಕೆಂಪು ವಸ್ತ್ರ ಹೊದಿಸಿ, ದೇವರ ಫೋಟೋ ಕೂರಿಸಿದರು. ಆಮೇಲೆ ಅದು ಇಳಿಯಲಿಲ್ಲ. ಪ್ರತಿ ಶುಕ್ರವಾರ ಒದ್ದೆ ಹೂವು, ಅರಿಶಿನ ಕುಂಕುಮದ ನೀರು.

ಅದನ್ನು ಇಳಿಸಿ ಎಂದು ಅವಳು ಕೇಳಿದ್ದು ನನ್ನ ಕಿವಿಯಲ್ಲಿದೆ. ಪೂಜೆ ನೋಡಿಕೊಳ್ಳುತ್ತಿದ್ದ ಹಳೆಯ ಅಟೆಂಡರು ಕ್ಯಾತನಹಳ್ಳಿಯವನು. ಪೊರಕೆ ಹಿಡಿದುಕೊಂಡೇ ನಕ್ಕ.

"ದೇವ್ರನ್ನ ಎಲ್ಲವ್ವ ಮಡಗಾನ? ನಿನ್ ಫ್ರಿಜ್ಜೊಳಗಾ?"

"ಕಪಾಟಿನ ಮೇಲೆ ಇಡಿ ಅಣ್ಣ. ಈ ಜಾಲರಿಯಿಂದ ಗಾಳಿ ಹೋಗಬೇಕು."

"ಎತ್ರದಲ್ಲಿರೋರ್ನ ಕೆಳೀಕ್ ಇಳಿಸ್ಬಾರ್ದು. ಇನ್ನೂ ಪಾಸಾಗ್ಬೇಕು ಕಣವ್ವ ನೀನು. ಅಂಗೆಲ್ಲ ಆಡ್ಬ್ಯಾಡ."

ಅಧ್ಯಕ್ಷರು ಬಂದವರು ಫೋಟೋ ಕಂಡದ್ದೇ ಬಾಗಿಲಲ್ಲಿ ಶೂ ಬಿಚ್ಚಿದರು. ಸಮಿತಿಯವರೆಲ್ಲ ಬಿಚ್ಚಿದರು. ಬರಿಗಾಲಲ್ಲಿ ಒಳಗೆ ಕಾಲಿಡಬಾರದು ಎಂದು ಅದೇ ಬಾಗಿಲ ಮೇಲೆ ಬರೆದಿತ್ತು. ಬರಿಗಾಲಲ್ಲಿ ಒಳಬಂದು, ಕೈ ಮುಗಿದು, ಕಣ್ಣಿಗೆ ಒತ್ತಿಕೊಂಡು, "ಭಾಳ ಚೆನ್ನಾಗಿ ಇಟ್ಕೊಂಡಿದ್ದೀರಿ" ಎಂದರು. ಒಪ್ಪಿಗೆ ಸಿಕ್ಕಿತು. ಗಾಳಿಯ ಸೆಳೆತವನ್ನು ಯಾರೂ ಅಳೆಯಲಿಲ್ಲ. ಸೆಳೆತ ಕುಗ್ಗಿದರೆ ಕೂಗಬೇಕಿದ್ದ ಎಚ್ಚರಿಕೆಯ ಸದ್ದನ್ನು ಯಾರೋ ಎಂದೋ ನಿಲ್ಲಿಸಿಬಿಟ್ಟಿದ್ದರು.

ಅದರೆದುರು ಕೂತು ಕೆಲಸ ಮಾಡುತ್ತಿದ್ದ ಅವಳಿಗೆ ಬೇಸಿಗೆಯ ಹೊತ್ತಿಗೆ ಜ್ವರ ಬಂತು. ಹೋಯಿತು, ಮತ್ತೆ ಬಂತು. ಮಂಡಿ, ಸೊಂಟ, ಬೆರಳಿನ ಗೆಣ್ಣು ಹಿಡಿದುಕೊಂಡವು. ಪರೀಕ್ಷೆಯಲ್ಲಿ ಬ್ರುಸೆಲ್ಲಾ ಎಂದೇ ಬಂತು. ಪ್ರಯೋಗಾಲಯದಲ್ಲಿ ತಗಲಿದ್ದು ಎಂದು ಸಮಿತಿ ಒಪ್ಪಿದರೆ ವಾಸಿಯಾಗುವ ತನಕ ಅವಳ ಸೀಟು ಉಳಿಯುತ್ತಿತ್ತು. ಒಪ್ಪದಿದ್ದರೆ ಇಲ್ಲ. ಅವಳ ಅಷ್ಟು ವರ್ಷಗಳ ಓದು ಆ ಒಂದು ಮಾತಿನ ಮೇಲೆ ನಿಂತಿತ್ತು.

ವಿಚಾರಣೆಯಲ್ಲಿ ಅಧ್ಯಕ್ಷರು ಅವಳನ್ನು ಕೇಳಿದ ಮೊದಲ ಪ್ರಶ್ನೆ, "ಮನೇಲಿ ಹಸು ಇದೆಯೇನಮ್ಮ?"

"ಇದೆ ಸಾರ್, ಒಂದು. ಅದನ್ನೂ ಪರೀಕ್ಷೆ ಮಾಡಿದ್ದೀವಿ. ರೋಗ ಇಲ್ಲ."

"ಪರೀಕ್ಷೆ ತಪ್ಪೂ ಆಗುತ್ತಲ್ಲ?"

ಆಗುತ್ತದೆ. ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಅನುಮಾನ ಬಡಗಿಯ ಕೊಟ್ಟಿಗೆಯ ತನಕ ಹೋಗಿ ಅಲ್ಲೇ ನಿಂತುಬಿಟ್ಟಿತು, ನಮ್ಮ ಕ್ಯಾಬಿನೆಟ್ಟಿನ ಹತ್ತಿರ ಸುಳಿಯಲಿಲ್ಲ. ನಾನು ಮಣೆಯ ವಿಷಯ ಎತ್ತಿದೆ. ಅಧ್ಯಕ್ಷರು ನಕ್ಕರು.

"ಮಣೆ ಕಪಾಟಿನ ಮೇಲಿತ್ತು ಕಣ್ರೀ. ನಾನೇ ಕೈ ಮುಗಿದಿಲ್ವಾ? ನಿಮಗೆ ದೇವರು ಕಂಡ್ರೆ ಆಗಲ್ಲ, ಎಲ್ಲಿದ್ರೂ ಅಡ್ಡವಾಗೇ ಕಾಣ್ತಾನೆ."

ಎಲ್ಲರೂ ನಕ್ಕರು. ಅಟೆಂಡರನ್ನು ಕರೆಸಿದರು. ಅವನು ನನ್ನ ಮುಖ ನೋಡದೆ, "ಕಪಾಟಿನ್ ಮ್ಯಾಲೇ ಇತ್ತು ಬುಡಿ ಸಾ" ಎಂದ. ಅಷ್ಟರಲ್ಲಿ ಮಣೆಯೂ ಫೋಟೋವೂ ನಿಜಕ್ಕೂ ಕಪಾಟಿನ ಮೇಲೇ ಇದ್ದವು. ಯಾವಾಗ ಬಂದವೋ ಗೊತ್ತಿಲ್ಲ. ಅವಳನ್ನೂ ಕೇಳಿದರು. ಅವಳು ಬೆರಳುಗಳನ್ನು ಒತ್ತಿಕೊಳ್ಳುತ್ತಾ, "ಮೇಲೇ ಇತ್ತು ಅನ್ಸುತ್ತೆ ಸಾರ್. ಈ ಜ್ವರದಲ್ಲಿ ಏನೂ ಸರಿಯಾಗಿ ಹೇಳಕ್ಕಾಗ್ತಿಲ್ಲ" ಎಂದಳು. ಮೇಲೆ ಎಂದರೆ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಸೋಂಕು ಮನೆಯದು ಎಂದು ತೀರ್ಮಾನವಾಯಿತು. ಸೀಟು ಹೋಯಿತು.

ನಾಗಮಂಗಲಕ್ಕೆ ಅವಳನ್ನು ನೋಡಲು ಹೋದಾಗ ಕೊಟ್ಟಿಗೆ ಖಾಲಿಯಿತ್ತು. ಅವಳ ಅಪ್ಪ ಉಳಿ ಮಸೆಯುತ್ತಾ ಕೂತಿದ್ದರು.

"ಮಾರ್ಬುಟ್ಟೆ ಸಾ. ಅಷ್ಟು ಓದಿರೋರೇ ಹಸುವಿಂದ ಬಂತು ಅಂದ್ಮ್ಯಾಲೆ ಎಂಗೆ ಮಡಿಕಳದು? ಕೊಂಡೋನಿಗೂ ಹೇಳ್ದೆ, ಇಂಗಿಂಗೆ ಅಂತ. ಅವ್ನು ಬೆಳ್ಳೂರ್ ಕಡೆಯೋನು, ನಕ್ಬುಟ್ಟು ಹೊಡ್ಕೊಂಡೋದ."

ಅವಳು ಕಾಫಿ ತಂದಳು. ಲೋಟವನ್ನು ಎರಡೂ ಅಂಗೈ ನಡುವೆ ಹಿಡಿದಿದ್ದಳು, ಬೆರಳು ಮಡಿಸಲಾಗುತ್ತಿರಲಿಲ್ಲ. "ನಿಮಗೆ ನಿಜವಾಗಲೂ ನೆನಪಿದೆಯಾ ಸಾರ್? ಅಲ್ಲೇ ಇತ್ತಾ?" ಎಂದು ಕೇಳಿದಳು. ಇದೆ ಎನ್ನಹೊರಟವನು ಅವಳ ಕೈಯಿಂದ ಲೋಟ ತೆಗೆದುಕೊಂಡೆ. ಆಗ ನನಗೇ ನಂಬಿಕೆ ಇರಲಿಲ್ಲ.

ಈ ವರ್ಷ ಪ್ರಯೋಗಾಲಯಕ್ಕೆ ಸುಣ್ಣಬಣ್ಣ ಮಾಡಿಸುವಾಗ ಕ್ಯಾಬಿನೆಟ್ಟನ್ನು ಪಡಸಾಲೆಗೆ ತಳ್ಳಿದ್ದರು. ಊಟದ ಬಿಡುವಿನಲ್ಲಿ ಸ್ಟೂಲು ಹಾಕಿಕೊಂಡು ಹತ್ತಿದೆ. ಅಟೆಂಡರು ಕಂಡ.

"ಇನ್ನೂ ಬುಟ್ಟಿಲ್ವಾ ಸಾ ಅದ್ನ?"

"ಆ ಮಣೆ ತಗೊಂಡು ಬಾ."

ಅವನು ಕಪಾಟಿನ ಮೇಲಿಂದ ಮಣೆ ಇಳಿಸಿ, ಒರೆಸಿ, ತಂದು ನನ್ನ ಕೈಗಿಟ್ಟ.

ಅವಳಿಗೆ ರೋಗ ಎಲ್ಲಿಂದ ತಗಲಿತು ಎಂಬುದನ್ನು ನಾನು ಇಂದಿಗೂ ಸಾಧಿಸಿ ತೋರಿಸಲಾರೆ. ಜಾಲರಿಯ ಮೇಲೆ ತುಕ್ಕಿನ ಎರಡು ಪಟ್ಟಿಗಳಿದ್ದವು, ನಡುವೆ ಒಣಗಿ ಕಚ್ಚಿಕೊಂಡ ಕುಂಕುಮ. ಮಣೆಯನ್ನು ಅದರ ಮೇಲಿಟ್ಟೆ. ಅದರ ಅಡಿಯ ಎರಡು ಪಟ್ಟಿಗಳೂ ಆ ತುಕ್ಕಿನ ಮೇಲೆ ಒಂದಿಷ್ಟೂ ಆಚೀಚೆ ಇಲ್ಲದೆ ಕೂತವು.