ಎರಡನೇ ಕುರ್ಚಿಯ ಸಹಿ

ಎದುರಿಗೆ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಮೆಣಸಿನಕಾಯಿ. ಅದು ಅವಳಿಗೂ ಗೊತ್ತಿತ್ತು. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಹುಟ್ಟಿದವಳಿಗೆ ಮತ್ತಿನ್ನೇನು ಹೆಸರಿಟ್ಟಾರು ಎಂದು ತಾನೇ ನಗುತ್ತಿದ್ದಳು. ಆದರೆ ಹೆಡ್‌ಸೆಟ್ ತಲೆಗೇರಿಸಿ ಮೈಕಿನ ಮುಂದೆ ಕೂತಳೆಂದರೆ ದನಿ ತಣ್ಣಗೆ, ನಿಧಾನ, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಇಪ್ಪತ್ತೊಂದು ವರ್ಷ ಅದೇ ದನಿಯಲ್ಲಿ ವಿಮಾನಗಳನ್ನು ಇಳಿಸಿದ್ದಳು, ಒಬ್ಬ ಪೈಲಟ್ಟಿಗೂ ಅವಳ ಸಿಟ್ಟಿನ ವಾಸನೆ ಬಡಿದಿರಲಿಲ್ಲ. ಸಿಟ್ಟೆಲ್ಲ ಟವರಿನ ಮೆಟ್ಟಿಲಿಳಿದ ಮೇಲೆ.

ಮನೆಯಲ್ಲಿ ಗಂಡ, ಅತ್ತೆ. ಗಂಡನದು ಕನ್ನಡಕದ ಅಂಗಡಿ. ಮಾತು ಕಮ್ಮಿ, ಊಟದ ಹೊತ್ತಿಗೆ ಸರಿಯಾಗಿ ಬರುವ ಮನುಷ್ಯ. ಅತ್ತೆ ಅದಕ್ಕೆ ತದ್ವಿರುದ್ಧ. ಮನೆ ಇದ್ದದ್ದು ವಿಮಾನಗಳು ಇಳಿಯುವ ದಾರಿಯ ಕೆಳಗೇ, ಮೂರು ನಿಮಿಷಕ್ಕೊಂದು ತಲೆಯ ಮೇಲೆ ಗುಡುಗಿಕೊಂಡು ಹೋಗುತ್ತಿತ್ತು. ಅತ್ತೆ ಮಾತಿನ ನಡುವೆ ತಟ್ಟನೆ ನಿಲ್ಲುತ್ತಿದ್ದರು, ಸದ್ದು ಹೋದ ಮೇಲೆ ಬಿಟ್ಟ ಪದದಿಂದಲೇ ಶುರು ಮಾಡುತ್ತಿದ್ದರು. ಹರೆಯದಲ್ಲಿ ಬಟ್ಟೆ ಗಿರಣಿಯಲ್ಲಿ ಕೆಲಸ ಮಾಡಿದವರು. ಅಲ್ಲಿನ ಮೇಸ್ತ್ರಿಗೆ ಛತ್ರಿಯಲ್ಲಿ ಬಾರಿಸಿದ್ದರಂತೆ. ಆ ಕಥೆ ಆರಂಭವಾದದ್ದು ನೂರು ಸಲ, ಮುಗಿದದ್ದು ಒಂದು ಸಲವೂ ಇಲ್ಲ. ಛತ್ರಿ ಎತ್ತುವ ಹೊತ್ತಿಗೆ ಒಂದು ವಿಮಾನ, ಇಳಿಸುವ ಹೊತ್ತಿಗೆ ಇನ್ನೊಂದು, ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿ ಕೇಳುವವಳು ಎದ್ದು ಹೋಗಿರುತ್ತಿದ್ದಳು. "ಇವನ್ನೆಲ್ಲ ಕಳಿಸೋಳು ನೀನೇ ತಾನೇ?" ಎಂದು ಸೊಸೆಯನ್ನೇ ಗದರುತ್ತಿದ್ದರು.

ಕಳಿಸುವವಳು ಅವಳೊಬ್ಬಳೇ ಏನಲ್ಲ. ಆ ದೇಶದ ಆಕಾಶವನ್ನೆಲ್ಲ ಒಂದೇ ಸಂಸ್ಥೆ ನೋಡಿಕೊಳ್ಳುತ್ತಿತ್ತು. ಆಕಾಶವನ್ನು ತುಂಡು ಮಾಡಿ ಕೋಣೆಕೋಣೆಗೆ ಹಂಚಿದ್ದರು. ಎತ್ತರದಲ್ಲಿ ಹಾರುವುದು ದೊಡ್ಡ ಕೇಂದ್ರದ ಪಾಲು, ಊರಿನ ಸಮೀಪಕ್ಕೆ ಬಂದದ್ದು ರೇಡಾರ್ ಕೋಣೆಯ ಪಾಲು, ಕಣ್ಣಿಗೆ ಕಾಣುವಷ್ಟು ಹತ್ತಿರವಾದದ್ದು ಟವರಿನ ಪಾಲು. ಒಬ್ಬರು ಫೋನಿನಲ್ಲಿ ವಿಮಾನವನ್ನು ಒಪ್ಪಿಸಬೇಕು, ಇನ್ನೊಬ್ಬರು "ತಗೊಂಡೆ" ಅನ್ನಬೇಕು. ಆ ಮಾತು ಕಿವಿಗೆ ಬೀಳುವ ತನಕ ವಿಮಾನ ಒಪ್ಪಿಸಿದವರದೇ. ಆ ಒಂದು ಕಟ್ಟಳೆಯ ಮೇಲೆ ಸಾವಿರಾರು ಜೀವ ದಿನವೂ ಮನೆ ಸೇರುತ್ತಿದ್ದವು. ಅದರ ಬಗ್ಗೆ ಅವಳಿಗೆ ಹೆಮ್ಮೆಯಿತ್ತು, ಅದನ್ನು ಮುಚ್ಚಿಟ್ಟವಳೂ ಅಲ್ಲ.

ಟವರಿನ ಮೇಲೆ, ಸುತ್ತಲೂ ಗಾಜಿರುವ ಆ ಕೋಣೆಯಲ್ಲಿ, ಎರಡು ಕುರ್ಚಿ. ಮೊದಲನೆಯದರಲ್ಲಿ ಕೂತವರು ಪೈಲಟ್ಟುಗಳ ಜೊತೆ ಮಾತಾಡುತ್ತಾರೆ. ಎರಡನೆಯದರಲ್ಲಿ ಕೂತವರ ಕೆಲಸ ಮಾತಾಡುವುದಲ್ಲ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ರನ್‌ವೇ ನೋಡುವುದು, ಕಿವಿಗೊಟ್ಟು ಕೇಳುವುದು, ತಪ್ಪು ಕಂಡರೆ ಭುಜ ತಟ್ಟುವುದು. ಎರಡನೇ ಕುರ್ಚಿ ಖಾಲಿಯಿದ್ದರೆ ವಿಮಾನಗಳನ್ನು ಮೂರು ನಿಮಿಷಕ್ಕೊಂದರಂತೆ ಇಳಿಸುವಂತಿಲ್ಲ, ಎಂಟು ನಿಮಿಷಕ್ಕೊಂದೇ. ನಿಯಮ ಅಷ್ಟು ಸ್ಪಷ್ಟ.

ನಿಯಮವೇನೋ ಸ್ಪಷ್ಟ, ಜನ ಎಲ್ಲಿದ್ದರು? ನಿವೃತ್ತರಾದವರ ಜಾಗಕ್ಕೆ ಹೆಡ್ಡಾಫೀಸು ಯಾರನ್ನೂ ತೆಗೆದುಕೊಳ್ಳಲಿಲ್ಲ. ಎಂಟು ನಿಮಿಷಕ್ಕೊಂದು ಇಳಿಸಿದರೆ ಸಂಜೆಯ ಹೊತ್ತಿಗೆ ಅರ್ಧ ದೇಶದ ವಿಮಾನ ತಡ, ಹೆಡ್ಡಾಫೀಸಿನ ಫೋನು ಬಿಸಿ. ಹಾಗಾಗಿ ಹದಿನಾಲ್ಕು ವರ್ಷದ ಹಿಂದೆ ಯಾರೋ ಒಬ್ಬ ಪುಣ್ಯಾತ್ಮ ಒಂದು ದಾರಿ ಹುಡುಕಿದ. ಶಿಫ್ಟಿನ ಆರಂಭದಲ್ಲೇ ಪುಸ್ತಕದಲ್ಲಿ ಎರಡೂ ಕುರ್ಚಿಗೆ ಸಹಿ ಬೀಳುವುದು. ಮೇಲಿನ ಎರಡನೇ ಕುರ್ಚಿಗೆ ಸಹಿ ಹಾಕಿದವರು ಕೆಳಗಿನ ಮಹಡಿಯ ರೇಡಾರ್ ಕೋಣೆಗೆ ಹೋಗಿ ಅಲ್ಲಿಯೂ ಸಹಿ ಹಾಕಿ ಕೆಲಸಕ್ಕೆ ಕೂರುವುದು. ಒಂದು ದೇಹ, ಎರಡು ಕುರ್ಚಿ, ಎರಡು ಪುಸ್ತಕ. ಎರಡೂ ಪುಸ್ತಕವನ್ನು ಒಟ್ಟಿಗೆ ಇಟ್ಟು ನೋಡುವವರು ಯಾರೂ ಇರಲಿಲ್ಲ. ಮೆಣಸಿನಕಾಯಿಯೂ ಹಾಕುತ್ತಿದ್ದಳು. ನನ್ನಿಂದ ಕೆಲಸ ನಿಲ್ಲಬಾರದು ಅಂದುಕೊಂಡು ಹಾಕುತ್ತಿದ್ದಳು. ಸಿಟ್ಟಿನವಳಂತೆ, ಅವಳ ಸಿಟ್ಟಿಗೆ ಬೆಂಕಿ ಹಾಕ! ಬೈಯುತ್ತಲೇ ಸಹಿ ಹಾಕಿದ ಸಿಟ್ಟಿಗೆ ಯಾವ ಬೆಲೆ?

ಆ ಮಧ್ಯಾಹ್ನ ಟವರಿನ ಮೊದಲ ಕುರ್ಚಿಯಲ್ಲಿದ್ದವನು ಮೌನಿ. ಅವಳ ಜೊತೆಗೇ ತರಬೇತಿ ಮುಗಿಸಿದವನು, ಇಬ್ಬರು ಹೆಣ್ಣುಮಕ್ಕಳ ತಂದೆ. ದಿನವಿಡೀ ಮೈಕಿನಲ್ಲಿ ಮಾತಾಡುವ ಕೆಲಸವಾದ್ದರಿಂದಲೋ ಏನೋ, ಉಳಿದ ಹೊತ್ತು ಬಾಯಿಗೆ ಬೀಗ. ಹಕ್ಕಿ ಓಡಿಸುವ ಜೀಪು ರನ್‌ವೇಗೆ ಹೋಗಲು ಕೇಳಿತು, ಹೋಗು ಎಂದ. ಅಷ್ಟರಲ್ಲಿ ತಾನು ಹೇಳಿದ್ದನ್ನು ಒಬ್ಬ ಪೈಲಟ್ ತಪ್ಪಾಗಿ ತಿರುಗಿ ಹೇಳಿದ, ಅವನನ್ನು ತಿದ್ದಿದ. ಕೆಳಗಿನಿಂದ ಫೋನು ಬಂತು, ಒಂದು ವಿಮಾನವನ್ನು "ತಗೊಂಡೆ" ಎಂದ. ಆ ವಿಮಾನ ಇಳಿಯಲು ಅನುಮತಿ ಕೇಳಿತು, ಕೊಟ್ಟ. ಜೀಪು ರನ್‌ವೇ ಮೇಲೇ ಇತ್ತು.

ಜೀಪಿನವನು ತಲೆಯೆತ್ತಿ ನೋಡಿದ, ವಿಮಾನದ ದೀಪ ಕಂಡಿತು, ಸ್ಟೇರಿಂಗ್ ತಿರುಗಿಸಿ ಹುಲ್ಲಿಗೆ ನುಗ್ಗಿದ. ಅದೇ ಗಳಿಗೆಗೆ ಮೌನಿಗೂ ಕಂಡಿತು. ಇಳಿಯಬೇಡಿ, ಮೇಲಕ್ಕೇರಿ ಎಂದ. ವಿಮಾನ ಜೀಪಿನ ನೆತ್ತಿಯ ಮೇಲೆ ಹೊಟ್ಟೆ ತೋರಿಸಿಕೊಂಡು ಮೇಲಕ್ಕೆ ಹೋಯಿತು. ನೂರ ಎಪ್ಪತ್ತು ಜನ, ಜೊತೆಗೆ ಜೀಪಿನವನು. ಯಾರಿಗೂ ಕೂದಲು ಕೊಂಕಲಿಲ್ಲ. ಭುಜ ತಟ್ಟಬೇಕಾಗಿದ್ದವಳು ಆಗ ಎಲ್ಲಿದ್ದಳು? ಕೆಳಗೆ, ರೇಡಾರ್ ಕೋಣೆಯಲ್ಲಿ. ಫೋನಿನಲ್ಲಿ ಆ ವಿಮಾನವನ್ನು ಮೌನಿಗೆ ಒಪ್ಪಿಸಿದವಳು ಅವಳೇ.

ಮರುದಿನ ಟವರಿನ ಮುಖ್ಯಸ್ಥ ಅವಳನ್ನು ಕೋಣೆಗೆ ಕರೆಸಿದ. ಏನೇ ಆದರೂ "ಸಮಾಧಾನ, ಸಮಾಧಾನ" ಎನ್ನುವ ಮನುಷ್ಯ, ಅದಕ್ಕೇ ಅವನಿಗೆ ಸಮಾಧಾನಪ್ಪ ಎಂದೇ ಹೆಸರು. ಬಾಗಿಲು ಹಾಕಿ, ಟೀ ತರಿಸಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು ತೆಗೆದ. ವಿಚಾರಣೆ ಬರುತ್ತದೆ. ಪುಸ್ತಕದ ಪ್ರಕಾರ ಅವಳು ಎರಡನೇ ಕುರ್ಚಿಯಲ್ಲಿದ್ದಾಳೆ. ಜೀಪಿದೆ ಅಂತ ನಾನು ಹೇಳಿದೆ, ಅವನು ಕೇಳಿಸಿಕೊಳ್ಳಲಿಲ್ಲ ಎಂದುಬಿಟ್ಟರೆ ಅವಳಿಗೇನೂ ತೊಂದರೆಯಿಲ್ಲ. ಮೌನಿಯ ಲೈಸೆನ್ಸ್ ಹೋಗುತ್ತದೆ, ನಿಜ, ಆದರೆ ತಪ್ಪು ಅವನದೇ ಅಲ್ಲವೇ?

"ಮತ್ತೆ ಕೆಳಗಿನ ಪುಸ್ತಕ? ಅದ್ರಲ್ಲೂ ನನ್ನ ಸಹಿ ಇದೆಯಲ್ಲ ಸರ್, ಅದೇ ಹೊತ್ತಿಗೆ?"

"ಆ ಹಾಳೆ ನಾನು ನೋಡ್ಕೋತೀನಿ ಮೇಡಂ. ನೀವು ಸಮಾಧಾನವಾಗಿರಿ."

ಟೀ ಮುಟ್ಟದೆ ಎದ್ದು ಬಂದಳು. ಮೈಯೆಲ್ಲ ಉರಿಯುತ್ತಿತ್ತು. ನೋಡ್ಕೋತಾನಂತೆ! ಹದಿನಾಲ್ಕು ವರ್ಷ ತಿಪ್ಪೆ ಸಾರಿಸಿದ್ದು ಸಾಲದೆ ಈಗ ಅದರ ಮೇಲೆ ಒಬ್ಬ ಮನುಷ್ಯನನ್ನೂ ಹೂತು ಮತ್ತೆ ಸಾರಿಸುತ್ತಾನಂತೆ. ನೇರವಾಗಿ ರೇಡಾರ್ ಕೋಣೆಗೆ ಹೋದಳು, ಪುಸ್ತಕ ಎತ್ತಿಕೊಂಡಳು, ತನ್ನ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಶಿಫ್ಟಿನವರಿಗೆ ಹೊಸ ಪುಸ್ತಕ ತೆಗೆದುಕೊಟ್ಟು, ಯಾರಾದರೂ ಹಳೆಯದನ್ನು ಕೇಳಿದರೆ ನನ್ನ ಹತ್ತಿರ ಕಳಿಸಿ ಎಂದಳು. ಕಳಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಸಂಜೆ ಮೌನಿಯ ಮನೆಗೆ ಹೋದಳು. ಅವನು ಅಡುಗೆಮನೆಯ ಮೇಜಿನ ಮುಂದೆ ಕೂತು ದೊಡ್ಡ ಮಗಳ ಶಾಲೆಯ ಪುಸ್ತಕಗಳಿಗೆ ಕಂದು ಕಾಗದ ಹಾಕುತ್ತಿದ್ದ. ಅಂಚನ್ನು ಮಡಿಸಿದ್ದೇ ಮಡಿಸಿದ್ದು, ಸರಿಯಾಗುತ್ತಲೇ ಇರಲಿಲ್ಲ. ಸಮಾಧಾನಪ್ಪ ಅವನ ಹತ್ತಿರವೂ ಬಂದು ಹೋಗಿದ್ದನಂತೆ. ನೀನೇನು ಹೇಳಿದೆ ಎಂದು ಕೇಳಿದಳು. ಅವನು ಒಂದೇ ಮಾತು ಹೇಳಿದ.

"ತಗೊಂಡೆ ಅಂದೆ."

"ಥೂ ನಿನ್ನ! ಅದೇನು ವಿಮಾನ ಅಂದ್ಕೊಂಡ್ಯಾ, ಕೊಟ್ಟ ತಕ್ಷಣ ತಗೊಳ್ಳೋಕೆ?"

"ಅನುಮತಿ ಕೊಟ್ಟಿದ್ದು ನಾನೇ ತಾನೇ? ನಿನ್ನನ್ನ ಯಾಕೆ ಎಳೀಲಿ?"

ಅಳು ಬಂದರೆ ಅವಳು ಬೈಯುವವಳು, ಹಾಗಾಗಿ ಅರ್ಧ ಗಂಟೆ ಬೈದಳು. ಅವನನ್ನು, ಸಮಾಧಾನಪ್ಪನನ್ನು, ಹೆಡ್ಡಾಫೀಸನ್ನು, ಕಡೆಗೆ ಅವನ ಕಂದು ಕಾಗದವನ್ನೂ. ಬೈಯುತ್ತಲೇ ಕಾಗದ ಕಿತ್ತುಕೊಂಡು ಐದು ಪುಸ್ತಕಕ್ಕೆ ನೀಟಾಗಿ ಹೊದಿಕೆ ಹಾಕಿ ಮನೆಗೆ ಬಂದಳು.

ಗಂಡನಿಗೆ ಎಲ್ಲ ಹೇಳಿದಳು. ನಿಜ ಹೇಳಿದರೆ ಸುಳ್ಳು ಸಹಿ ಹಾಕಿದ ತಪ್ಪು ನನ್ನ ತಲೆಗೆ, ನನ್ನ ಲೈಸೆನ್ಸ್ ಹೋಗುತ್ತದೆ. ಹೇಳದಿದ್ದರೆ ಅವನದು. ಗಂಡ ಒಂದು ಕನ್ನಡಕವನ್ನು ಒರೆಸುತ್ತ ಕೇಳಿಸಿಕೊಂಡ. ಬೇರೆಯವರೂ ಸಹಿ ಹಾಕಿದ್ದಾರಲ್ಲ, ಅವರು ಏನೂ ಹೇಳುವುದಿಲ್ಲವೇ ಎಂದು ಕೇಳಿದ. ಅದೇ, ಆ ಪ್ರಶ್ನೆಗೇ ಅವಳ ಸಿಟ್ಟು ನೆತ್ತಿಗೇರಿದ್ದು. ಹದಿನಾಲ್ಕು ವರ್ಷ ತಾನೂ ಬೇರೆಯವರೂ ಹಾಕುತ್ತಾರಲ್ಲ ಎಂದುಕೊಂಡೇ ಪೆನ್ನು ಎತ್ತಿದ್ದಳು.

ವಿಚಾರಣೆ ಎರಡನೇ ಮಹಡಿಯ ಸಭೆಯ ಕೋಣೆಯಲ್ಲಿ. ಹೆಡ್ಡಾಫೀಸಿನಿಂದ ಬಂದಿದ್ದ ಅಧಿಕಾರಿ ಹೆಂಗಸು, ಮುಖದಲ್ಲಿ ನಗುವಿಲ್ಲ ಸಿಡುಕಿಲ್ಲ. ಮೇಜಿನ ಮೇಲೆ ಟವರಿನ ಪುಸ್ತಕ ತೆರೆದಿತ್ತು. ಒಂದು ಮೂಲೆಯಲ್ಲಿ ಮೌನಿ ತಲೆ ತಗ್ಗಿಸಿ ಕೂತಿದ್ದ, ಇನ್ನೊಂದರಲ್ಲಿ ಸಮಾಧಾನಪ್ಪ ತಲೆಯಾಡಿಸಿಕೊಂಡು ಕೂತಿದ್ದ. ಘಟನೆಯ ಹೊತ್ತಿಗೆ ನೀವು ಎರಡನೇ ಕುರ್ಚಿಯಲ್ಲಿದ್ದಿರಾ ಎಂದು ಅಧಿಕಾರಿ ಕೇಳಿದರು.

ಮೆಣಸಿನಕಾಯಿ ಬಗಲಲ್ಲಿದ್ದ ಪುಸ್ತಕ ತೆಗೆದು ಟವರಿನ ಪುಸ್ತಕದ ಪಕ್ಕಕ್ಕೆ ಇಟ್ಟಳು. ಎರಡರಲ್ಲೂ ಅದೇ ದಿನದ ಹಾಳೆ ತೆರೆದಳು. ಅದೇ ಹೊತ್ತು, ಅದೇ ಸಹಿ, ಒಂದೇ ಮಸಿ.

"ಎರಡೂ ಸಹಿ ನಂದೇ. ನಾನು ಕೆಳಗಿದ್ದೆ. ಮೇಲಿನ ಕುರ್ಚಿ ಖಾಲಿ ಇತ್ತು. ಬೇಕಾದ್ರೆ ಫೋನಿನ ಟೇಪು ಹಾಕಿಸಿ ಕೇಳಿ, ವಿಮಾನ ಒಪ್ಪಿಸಿದ್ದು ನನ್ನ ದನಿ." ಇಷ್ಟನ್ನೂ ಅವಳು ಮೈಕಿನ ದನಿಯಲ್ಲೇ ಹೇಳಿದಳು, ತಣ್ಣಗೆ.

ಸಮಾಧಾನಪ್ಪ ಸಮಾಧಾನ ಎನ್ನಲು ಬಾಯಿ ತೆರೆದ. ಅವಳು ಅವನ ಕಡೆ ತಿರುಗಲೇ ಇಲ್ಲ. ಇದು ಒಂದು ದಿನದ ಮಾತಲ್ಲ ಎಂದಳು. ಟವರಿನ ಪುಸ್ತಕದ ಹಾಳೆ ತಿರುವುತ್ತ ತನ್ನ ಒಂದೊಂದು ಸುಳ್ಳು ಸಹಿಯ ಕೆಳಗೂ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯತೊಡಗಿದಳು. ಬೇರೆಯವರ ಸಹಿಯ ಕೆಳಗೆ ಎಳೆಯಲಿಲ್ಲ. ಅದನ್ನು ಅವರವರೇ ಎಳೆದುಕೊಳ್ಳಲಿ ಎಂದಳು. ಮೂವತ್ತನೆಯದೋ ಏನೋ ಎಳೆಯುವಾಗ ಅಧಿಕಾರಿ ಸಾಕು ಎಂದರು. ಮೌನಿ ತಲೆಯೆತ್ತಿ ಆ ಕೆಂಪು ಗೆರೆಗಳನ್ನು ನೋಡಿದ.

ಆದೇಶ ಬರಲು ಒಂದು ತಿಂಗಳು ಹಿಡಿಯಿತು. ಮೌನಿಗೆ ಎರಡು ವಾರ ಮರುತರಬೇತಿ, ಆಮೇಲೆ ಕೆಲಸಕ್ಕೆ. ಅವಳ ಲೈಸೆನ್ಸ್ ಒಂದು ವರ್ಷ ಅಮಾನತು. ಸಮಾಧಾನಪ್ಪ ಬೇರೆ ಊರಿಗೆ ವರ್ಗವಾದ, ಅಲ್ಲಿಯೂ ಮುಖ್ಯಸ್ಥನಾಗಿಯೇ. ಹೊಸ ಜನರ ಬಗ್ಗೆ ಒಂದಕ್ಷರ ಇರಲಿಲ್ಲ. ಬದಲಿಗೆ ಒಂದು ಸುತ್ತೋಲೆ ಬಂತು: ಪುಸ್ತಕದಲ್ಲಿ ಇನ್ನು ಮುಂದೆ ಸತ್ಯವನ್ನೇ ನಮೂದಿಸತಕ್ಕದ್ದು. ಅದನ್ನು ಗಂಡನಿಗೆ ಫೋನಿನಲ್ಲಿ ಓದಿ ಹೇಳಿ ಅವಳು ನಕ್ಕ ನಗುವಿಗೆ ಅವನು ಹೆದರಿ ಅಂಗಡಿಯಿಂದ ಬೇಗ ಬಂದಿದ್ದ.

ಎರಡು ವಾರ ಅವಳು ಮನೆಯಲ್ಲಿ ಉರಿದಳು. ಪಾತ್ರೆಗಳಿಗೆ ಗ್ರಹಚಾರ. ತಲೆಯ ಮೇಲೆ ಮೂರು ನಿಮಿಷಕ್ಕೊಂದು ಗುಡುಗುತ್ತಲೇ ಇತ್ತು. ಅಂದರೆ ಟವರಿನಲ್ಲಿ ಇನ್ನೂ ಸುಳ್ಳು ಸಹಿ ಬೀಳುತ್ತಿತ್ತು. ಸುತ್ತೋಲೆ ಗೋಡೆಯ ಮೇಲೆ, ಸುಳ್ಳು ಪುಸ್ತಕದಲ್ಲಿ. ಇದಕ್ಕಾ ನಾನು ಮನೆ ಸೇರಿದ್ದು ಎಂದು ಹಲ್ಲು ಕಡಿಯುತ್ತಿದ್ದಳು.

ಒಂದು ಮಧ್ಯಾಹ್ನ ತಾರಸಿಯಲ್ಲಿ ಬಟ್ಟೆ ಮಡಿಸುತ್ತಿದ್ದಾಗ ಅತ್ತೆ ಪಕ್ಕದಲ್ಲಿ ಕೂತು ಮೇಸ್ತ್ರಿಯ ಕಥೆ ತೆಗೆದರು. ಕೆಲಸದ ಹೊತ್ತಿನಲ್ಲಿ ಹೆಂಗಸರು ಎದ್ದು ಹೋಗಬಾರದೆಂದು ಅವನು ಹೊರಗಿನಿಂದ ಬೀಗ ಹಾಕುತ್ತಿದ್ದನಂತೆ. ಒಳಗೆ ನೂಲಿನ ಧೂಳು, ಒಂದು ದಿನ ಹೊಗೆ ಬಂತಂತೆ. ದೊಡ್ಡದೇನೂ ಆಗಲಿಲ್ಲ, ಯಾರೋ ಕಿಟಕಿ ಒಡೆದರು. ಅವನು ಬಂದು ಕಿಟಕಿ ಒಡೆದದ್ದು ಯಾರು ಎಂದು ಕೇಳಿದನಂತೆ. ಆಗ ಇವರು ಛತ್ರಿ ಎತ್ತಿದರು, ಇಳಿಸಿದರು.

"ಛತ್ರಿ ಮುರೀತು, ಕೆಲಸಾನೂ ಹೋಯ್ತು," ಎಂದರು ಅತ್ತೆ. "ಅವತ್ತೇ ಮಳೆ. ನೆನ್ಕೊಂಡು ಮನೆಗೆ ಬಂದೆ, ಮೂರು ದಿನ ಜ್ವರ. ನನಗೇನೂ ಬೇಜಾರಿಲ್ಲ ಕಣೇ. ಒಂದೇ ಬೇಜಾರು, ನಾಲ್ಕು ವರ್ಷ ಆ ಬೀಗ ನೋಡ್ಕೊಂಡು ನಾನು ಸುಮ್ನಿದ್ದೆನಲ್ಲ ಅಂತ."

ಕಥೆ ಮುಗಿದಿತ್ತು. ಅತ್ತೆಗೇ ಆಶ್ಚರ್ಯವಾಗಿ ಆಕಾಶ ನೋಡಿದರು. "ಇವತ್ತೇನೇ, ಒಂದೂ ಬರ್ಲಿಲ್ಲ?"

ಮಡಿಸುತ್ತಿದ್ದ ಬಟ್ಟೆ ಕೈಯಲ್ಲೇ ನಿಂತಿತು. ಅವಳು ಗಡಿಯಾರ ನೋಡಿದಳು. ದೂರದಲ್ಲಿ ಒಂದು ಚುಕ್ಕೆ ಕಾಣಿಸಿತು, ದೊಡ್ಡದಾಯಿತು, ಗುಡುಗಿಕೊಂಡು ಹೋಯಿತು. ಅಲ್ಲಿಂದ ಎಣಿಸಿದಳು. ಮೂರು ನಿಮಿಷ, ಆಕಾಶ ಬರಿದು. ಐದು, ಆರು. ಎಂಟನೇ ನಿಮಿಷಕ್ಕೆ ಮುಂದಿನದು ಬಂತು. ತರಬೇತಿ ಮುಗಿಸಿ ಮೌನಿ ಇವತ್ತೇ ಮೊದಲ ಸಲ ಮಧ್ಯಾಹ್ನದ ಶಿಫ್ಟಿಗೆ ಹೋಗಿದ್ದ. ಬಾಯಿ ಬಿಡದ ಆ ಮನುಷ್ಯ ಪುಸ್ತಕದಲ್ಲಿ, ಎರಡನೇ ಕುರ್ಚಿಯ ಎದುರಿಗೆ, ಖಾಲಿ ಎಂದು ಬರೆದಿದ್ದ.

ಇನ್ನು ಸಂಜೆಯ ಹೊತ್ತಿಗೆ ಹೆಡ್ಡಾಫೀಸಿನ ಫೋನು ಬಿಸಿಯಾಗುತ್ತದೆ, ಆಗಲಿ. ಅವಳಿಗೆ ನಗು ಬಂತು, ಜೋರಾಗಿಯೇ ನಕ್ಕಳು. ಹಿಂದೆಯೇ ಸಿಟ್ಟು ಬಂತು, ಈ ಸಲ ಬೇರೆ ಯಾರ ಮೇಲೂ ಅಲ್ಲ.

"ಎರಡೇ ಎರಡು ಅಕ್ಷರ ಅತ್ತೆ," ಎಂದಳು. "ಹದಿನಾಲ್ಕು ವರ್ಷ ನನ್ನ ಕೈಯಲ್ಲೂ ಪೆನ್ನಿತ್ತು."

ಅತ್ತೆಗೆ ಏನೂ ಅರ್ಥವಾಗಲಿಲ್ಲ. ಸೊಸೆಯ ಮಡಿಲಿನ ಬಟ್ಟೆ ತಾವೇ ತೆಗೆದುಕೊಂಡು ಮಡಿಸತೊಡಗಿದರು.