ಹನ್ನೆರಡನೆಯ ಎಲೆ

ಕೊಪ್ಪದ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತಿದ್ದೆ. ಬೇಗಾರಿನ ಮಾವನವರಿಗೆ, ಅಂದರೆ ಹೆಂಡತಿಯ ತಂದೆಗೆ, ಅದೊಂದು ಕಸುಬು ಅಂತಲೇ ಅನ್ನಿಸಿರಲಿಲ್ಲ. ಕಣ್ಣಿಗೆ ಕಾಣದ್ದನ್ನು ಇದೆ ಇದೆ ಅಂತ ಹೇಳಿಕೊಂಡು ತಿರುಗುವ ಅಳಿಯ ಸಿಕ್ಕಿದನಲ್ಲ ಎಂದು ನೆಂಟರ ಮುಂದೆ ನಗೆಯಾಡುತ್ತಿದ್ದರು. ಒಮ್ಮೆಯಾದರೂ ಅವರು ನನ್ನ ಪಾಠಕ್ಕೆ ಕಿವಿಗೊಡಬೇಕು ಎಂಬ ಹಟ ನನಗಿತ್ತು.

ಅವರದೂ ಒಂದು ವಿದ್ಯೆಯಿತ್ತು. ಸುತ್ತಮುತ್ತ ಯಾರ ಮನೆಯಲ್ಲಿ ಊಟವಾದರೂ ಪಂಕ್ತಿಗೆ ಎಲೆ ಹಾಕಿಸುವವರು ಅವರೇ. ಯಾರು ಯಾರ ಜೊತೆ ಬಂದರು ಎಂದು ಅಂಗಳದಲ್ಲಿ ಒಮ್ಮೆ ಕಣ್ಣಾಡಿಸಿದರೆ ಸಾಕು, ಎಲೆ ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ.

ಎರಡು ಸಾವಿರದ ಇಸವಿ. ಪತ್ರಿಕೆಯ ಮೂಲೆಯಲ್ಲಿ ಬೆರಳಗಲದ ಸುದ್ದಿ: ಇದ್ದೇ ಇರಬೇಕು ಎಂದು ವಿಜ್ಞಾನಿಗಳು ಇಪ್ಪತ್ತೈದು ವರ್ಷ ಕಾದಿದ್ದ ಟೌ ನ್ಯೂಟ್ರಿನೊ ಎಂಬ ಕಣ ಕೊನೆಗೂ ಸಿಕ್ಕಿತು. ಸ್ಟಾಫ್ ರೂಮಿನಲ್ಲಿ ಅದು ಯಾರಿಗೂ ಬೇಕಾಗಲಿಲ್ಲ. ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದವನು ಶ್ರಾವಣದಲ್ಲಿ ಬೇಗಾರಿಗೆ ಒಂದು ಸತ್ಯನಾರಾಯಣ ಪೂಜೆಯ ಊಟಕ್ಕೆ ಹೋದೆ.

ನಮ್ಮ ಸಾಲಿನಲ್ಲಿ ಹನ್ನೆರಡು ಎಲೆ, ಕೂತವರು ಹನ್ನೊಂದು ಜನ. ಹಾಕಿದ ಎಲೆ ಖಾಲಿ ಇರುವಾಗ ಉಣ್ಣುವಂತಿಲ್ಲ, ಎತ್ತಿದರೆ ಅಶುಭ. ಬಿಸಿ ಅನ್ನದ ಮುಂದೆ ಎಲ್ಲರೂ ಕೈಕಟ್ಟಿ ಕೂತೆವು. ಕೆರೆಕಟ್ಟೆಯ ನೆಂಟರೊಬ್ಬರ ಹೆಂಡತಿ ಬಂದಾಗಿದೆ, ಗಂಡ ಮುಂದಿನ ಬಸ್ಸಿಗೆ ಬಂದೇ ಬರುತ್ತಾನೆ ಎಂಬುದು ಮಾವನವರ ವಾದ. ಲೆಕ್ಕ ತಪ್ಪಿರಬೇಕು ಎಂದು ಗುಸುಗುಸು ಎದ್ದಾಗ ಅವರ ಮುಖ ಸಣ್ಣದಾಯಿತು. ನನಗೆ ತಡೆಯಲಾಗಲಿಲ್ಲ.

ಜೇಬಿನ ಕಾಗದ ತೆಗೆದು ಶುರು ಮಾಡಿಯೇಬಿಟ್ಟೆ. ವಸ್ತುವಿನ ಮೂಲಕಣಗಳದ್ದೂ ಹನ್ನೆರಡು ಎಲೆಯ ಪಂಕ್ತಿ. ಬರುವುದು ಜೋಡಿ ಜೋಡಿಯಾಗಿ. ಟೌ ಎಂಬ ಕಣ ಒಂಟಿಯಾಗಿ ಬಂದದ್ದು ನೋಡಿ, ಜೊತೆಯವನು ಟೌ ನ್ಯೂಟ್ರಿನೊ ಹಿಂದೆ ಇದ್ದೇ ಇದ್ದಾನೆ ಎಂದು ವಿಜ್ಞಾನಿಗಳು ಹನ್ನೆರಡನೆಯ ಎಲೆ ಹಾಕಿ ಕಾದರು, ಈಗ ಬಂದ. ಮಾವನವರು ಮಾಡಿದ್ದೂ ಅದನ್ನೇ ಎಂದೆ. ಪಕ್ಕದ ಮುದುಕರು, ಅಷ್ಟು ವರ್ಷ ಉಳಿದವರು ಉಣ್ಣದೇ ಕೂತಿದ್ದರೋ ಎಂದು ವಿಚಾರಿಸಿದರು. ಮಾವನವರ ಮುಖ ಮಾತ್ರ ಅರಳಿತು.

ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಕೆರೆಕಟ್ಟೆಯಾಕೆಯ ದನಿ ಬಂತು: “ಅವ್ರು ಬರೋದಿಲ್ಲ. ಬೆಳಿಗ್ಗೆನೇ ಜಗಳ ಆಗಿದೆ. ನೀವು ಊಟ ಮಾಡಿ.”

ನನ್ನ ಸಿದ್ಧಾಂತ ಅಲ್ಲೇ ಮಕಾಡೆ ಬಿತ್ತು. ಮಾವನವರ ಮರ್ಯಾದೆಯ ಜೊತೆ ನನ್ನದೂ ಹೋಯಿತು ಎಂದುಕೊಂಡೆ. ಜನ್ಮದಲ್ಲೇ ಮೊದಲ ಪಂಕ್ತಿಗೆ ಕೂರದ ಅವರು ಶಲ್ಯ ಕೊಡವಿ, ಬಂದು ಆ ಹನ್ನೆರಡನೆಯ ಎಲೆಗೆ ಕೂತರು. ಎಲ್ಲರ ಕೈಯೂ ಅನ್ನಕ್ಕಿಳಿಯಿತು.

ನಾಲ್ಕು ತುತ್ತಾದ ಮೇಲೆ ಅವರು ನನ್ನ ಕಡೆ ಬಾಗಿ, ಬೇರೆಯವರಿಗೆ ಕೇಳಿಸದ ಹಾಗೆ ಕೇಳಿದರು: “ಅಲ್ಲ ಮಾರಾಯ್ರೇ, ಆ ವಿಜ್ಞಾನಿಗಳೂ ಹಿಂಗೇ ಯಾರನ್ನೋ ಕೂರ್ಸಿ, ಬಂದಾಯ್ತು ಅಂದಿರ್ಬೌದಲ್ಲ? ಅವನೇ ಅಂತ ಹೆಂಗೆ ಗೊತ್ತು?”

ಅಷ್ಟು ವರ್ಷಗಳಲ್ಲಿ ಯಾವ ವಿದ್ಯಾರ್ಥಿಯೂ ನನ್ನಲ್ಲಿ ಇದನ್ನು ಕೇಳಿರಲಿಲ್ಲ. ಕಲೆಸಿದ ತುತ್ತು ಎಲೆಯಲ್ಲೇ ಬಿಟ್ಟು ಅವರ ಕಡೆ ತಿರುಗಿದೆ. ನಾನು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಎರಡನೆಯ ಪಂಕ್ತಿಯವರು ಬಂದು ನಮ್ಮ ಬೆನ್ನ ಹಿಂದೆ ನಿಂತಿದ್ದರು.